ನೋವಿಗೆ ಕೈ ಬೇಕು, ಆದರೆ ಎಂಥ ಕೈ?

ಕುತ್ತಿಗೆ ಹಿಡಿದುಕೊಂಡಿದೆ, ಹೆಗಲು ಸೆಳೆಯುತ್ತಿದೆ, ಸೊಂಟ ಬಗ್ಗುತ್ತಿಲ್ಲ. ಈ ಮಾತುಗಳು ಕೇಳಿಬರದ ಮನೆ ನಮ್ಮಲ್ಲಿ ಸಿಗುವುದು ಕಷ್ಟ. ನೋವು ಬಂದಾಗ ನಾವು ಮಾಡುವುದೂ ಹೆಚ್ಚುಕಡಿಮೆ ಒಂದೇ. ಮೊದಲು ಬಾಮ್ ಹಚ್ಚುತ್ತೇವೆ. ಅದಕ್ಕೂ ಬಗ್ಗದಿದ್ದರೆ ಮೆಡಿಕಲ್‌ನಿಂದ ನೋವಿನ ಮಾತ್ರೆ ತರಿಸುತ್ತೇವೆ. ಮಾತ್ರೆಯ ಪ್ರಭಾವ ಇಳಿದು ನೋವು ಮತ್ತೆ ಏರಿದಾಗ, "ಅವರ ಕೈಗುಣ ಚೆನ್ನಾಗಿದೆ, ಒಮ್ಮೆ ತಿರುಗಿಸಿದರೆ ಸಾಕು" ಎಂದು ಯಾರೋ ಹೇಳಿದ ಕಡೆಗೆ ಹೋಗುತ್ತೇವೆ.

ಕೈಯಿಂದ ಒತ್ತಿ, ನೀವಿ, ಬಿಗಿದ ಸ್ನಾಯುಗಳನ್ನು ಸಡಿಲಗೊಳಿಸುವ ಚಿಕಿತ್ಸೆ ಒಳ್ಳೆಯದು. ಅದರ ಪರವಾಗಿಯೇ ಇಲ್ಲಿ ಬರೆಯುತ್ತಿದ್ದೇನೆ. ಆದರೆ ಎರಡು ವಿಷಯಗಳಲ್ಲಿ ನಮ್ಮ ಮನೆಗಳ ರೂಢಿ ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ. ಒಂದು, ಕೈಯ ಬಲವನ್ನೇ ಚಿಕಿತ್ಸೆಯೆಂದು ನಂಬಿ ಕುತ್ತಿಗೆಯನ್ನು ಸಿಕ್ಕಸಿಕ್ಕವರಿಗೆ ಒಪ್ಪಿಸುವುದು ನಿಲ್ಲಬೇಕು. ಎರಡು, ಮನೆಯಲ್ಲಿ ಎಲ್ಲರ ಕಾಲೊತ್ತುವ ಹೆಣ್ಣಿನ ಬೆನ್ನು ಒತ್ತುವವರು ಯಾರು ಎಂದು ನಾವು ಕೇಳಿಕೊಳ್ಳಬೇಕು.

ಸ್ನಾಯು ಬಿಗಿಯುವುದು ಹೇಗೆ?

ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟುತ್ತಾರೆ. ಮಡಿಲಲ್ಲಿ ಮೊರ, ಅದರಲ್ಲಿ ಎಲೆ, ತಂಬಾಕು, ನೂಲು. ಬೆನ್ನು ಬಾಗಿರುತ್ತದೆ, ತಲೆ ತಗ್ಗಿರುತ್ತದೆ, ಬೆರಳುಗಳು ಮಾತ್ರ ಓಡುತ್ತಿರುತ್ತವೆ. ಬ್ರಾಂಚಿಗೆ ಒಪ್ಪಿಸಬೇಕಾದ ಲೆಕ್ಕ ತಲೆಯಲ್ಲಿರುವಾಗ ಎದ್ದು ಮೈಮುರಿಯಲೂ ಪುರುಸೊತ್ತು ಇರುವುದಿಲ್ಲ. ಹೊಲಿಗೆ ಯಂತ್ರದ ಮುಂದೆ ಕುಳಿತವರದ್ದೂ, ಅಗರಬತ್ತಿ ಹೊಸೆಯುವವರದ್ದೂ ಇದೇ ಕಥೆ. ತಗ್ಗಿದ ಅಡುಗೆಕಟ್ಟೆಯ ಮುಂದೆ ಗಂಟೆಗಟ್ಟಲೆ ನಿಲ್ಲುವವರು, ಮಗುವನ್ನು ಒಂದೇ ಸೊಂಟದ ಮೇಲೆ ಹೊತ್ತು ತಿರುಗುವವರು, ಮೊಬೈಲ್ ಮೇಲೆ ಬಾಗಿ ಕೂರುವ ನಮ್ಮ ಮಕ್ಕಳು ಕೂಡ ಈ ಪಟ್ಟಿಗೆ ಸೇರುತ್ತಾರೆ.

ಸ್ನಾಯು ಎಂದರೆ ಬಿಗಿಯುತ್ತ, ಸಡಿಲಾಗುತ್ತ ಕೆಲಸ ಮಾಡುವಂಥದ್ದು. ಬಿಗಿದಾಗ ಅದರೊಳಗಿನ ಸಣ್ಣ ರಕ್ತನಾಳಗಳು ಒತ್ತಲ್ಪಡುತ್ತವೆ, ಸಡಿಲಾದಾಗ ಮತ್ತೆ ರಕ್ತ ಹರಿಯುತ್ತದೆ. ನಡೆಯುವಾಗ ಕಾಲಿನ ಸ್ನಾಯುಗಳಿಗೆ ಈ ಬಿಡುವು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ತಲೆ ತಗ್ಗಿಸಿ ಕುಳಿತಾಗ ಕುತ್ತಿಗೆಯ ಹಿಂಭಾಗದ ಸ್ನಾಯುಗಳಿಗೆ ಆ ಬಿಡುವೇ ಇಲ್ಲ. ನಮ್ಮ ತಲೆಯ ತೂಕ ಸುಮಾರು 5 ಕಿಲೋ. ಅದು ನೆಟ್ಟಗಿದ್ದರೆ ಬೆನ್ನುಮೂಳೆ ಹೊರುತ್ತದೆ, ಮುಂದಕ್ಕೆ ಬಾಗಿದರೆ ಆ ಭಾರವನ್ನು ಹಿಂದಿನಿಂದ ಹಿಡಿದು ನಿಲ್ಲಿಸುವ ಕೆಲಸ ಸ್ನಾಯುಗಳ ಮೇಲೆ ಬೀಳುತ್ತದೆ. ದಿನವಿಡೀ ಹಾಗೆ ಹಿಡಿದು ನಿಂತ ಸ್ನಾಯು ಸಂಜೆಗೆ ನೋಯದೆ ಇನ್ನೇನು ಮಾಡೀತು?

ಒಮ್ಮೆ ನೋವು ಶುರುವಾದರೆ ಅದು ತನ್ನಷ್ಟಕ್ಕೆ ಬೆಳೆಯುತ್ತದೆ. ನೋಯುವ ಭಾಗವನ್ನು ಕಾಪಾಡಲು ದೇಹ ಸುತ್ತಲಿನ ಸ್ನಾಯುಗಳನ್ನು ಇನ್ನಷ್ಟು ಬಿಗಿಯುತ್ತದೆ. ಆ ಬಿಗಿತದಿಂದ ನೋವು ಹೆಚ್ಚುತ್ತದೆ. ನಿದ್ದೆಗೆಟ್ಟರೆ, ಮನಸ್ಸಿಗೆ ಚಿಂತೆ ಹತ್ತಿದರೆ ಎರಡೂ ಏರುತ್ತವೆ. ಮಗಳ ಮದುವೆಯ ಸಾಲ ತಲೆಯಲ್ಲಿರುವ ತಾಯಿಯ ಹೆಗಲು ಕಲ್ಲಿನಂತಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇಂಥ ಸ್ನಾಯುವನ್ನು ಮುಟ್ಟಿ ನೋಡಿದರೆ ಒಂದೆರಡು ಕಡೆ ಸಣ್ಣ ಗಂಟಿನಂತೆ ಸಿಗುತ್ತದೆ. ಅಲ್ಲಿ ಒತ್ತಿದರೆ ನೋವು ಬೇರೆಲ್ಲೋ ಹರಿಯುತ್ತದೆ. ಇದಕ್ಕೆ 'ಟ್ರಿಗರ್ ಪಾಯಿಂಟ್' ಎನ್ನುತ್ತಾರೆ. ಅಮೆರಿಕದ ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್ ಇಂಥ ನೋವುಗಳ ನಕ್ಷೆಯನ್ನೇ ತಯಾರಿಸಿದವರು. ಡೇವಿಡ್ ಸೈಮನ್ಸ್ ಅವರೊಂದಿಗೆ ಬರೆದ ಅವರ ಗ್ರಂಥ 1983ರಲ್ಲಿ ಹೊರಬಂತು. ಹೆಗಲ ಮೇಲ್ಭಾಗದ ಗಂಟಿನ ನೋವು ಕುತ್ತಿಗೆಯ ಬದಿಯಿಂದ ಏರಿ ಕಣ್ಣಿನ ಪಕ್ಕದ ಕಪೋಲದವರೆಗೆ ಹೋಗಬಹುದು. ನಾವು ತಲೆನೋವೆಂದು ಮಾತ್ರೆ ನುಂಗುತ್ತಿರುತ್ತೇವೆ, ಮೂಲ ಹೆಗಲಲ್ಲಿ ಕೂತಿರುತ್ತದೆ. ಈ ಗಂಟುಗಳು ನಿಜವಾಗಿ ಏನು, ಹೇಗೆ ಆಗುತ್ತವೆ ಎಂಬುದರಲ್ಲಿ ತಜ್ಞರಲ್ಲಿ ಇನ್ನೂ ಚರ್ಚೆಯಿದೆ. ಆದರೆ ಬೆರಳಿಟ್ಟು ತೋರಿಸಬಹುದಾದ ನೋವನ್ನು ಅನುಭವಿಸುತ್ತಿರುವವರಿಗೆ ಅದು ನಿಜವೇ.

ಇದು ಹಳೆಯ ವಿದ್ಯೆ

ಮಾಲೀಶು ಇಂದು ನಿನ್ನೆಯದಲ್ಲ. ಯುನಾನಿ ವೈದ್ಯದಲ್ಲಿ ಇದಕ್ಕೆ 'ದಲ್ಕ್' ಎಂಬ ಹೆಸರಿದೆ. ಔಷಧಿ ಕೊಡದೆ ದೇಹದ ಕ್ರಮಗಳನ್ನು ಸರಿಪಡಿಸುವ 'ಇಲಾಜ್ ಬಿತ್ ತದ್‌ಬೀರ್' ಎಂಬ ವಿಭಾಗದಲ್ಲಿ ಅದೂ ಒಂದು. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ ವೈದ್ಯಗ್ರಂಥ 'ಅಲ್ ಕಾನೂನ್'ನಲ್ಲಿ ಮಾಲೀಶನ್ನು ವಿಂಗಡಿಸಿದ್ದಾರೆ. ಗಟ್ಟಿಯಾದದ್ದು ಬೇರೆ, ಮೃದುವಾದದ್ದು ಬೇರೆ. ದೀರ್ಘವಾದದ್ದರ ಫಲ ಬೇರೆ, ಮಿತವಾದದ್ದರ ಫಲ ಬೇರೆ. ಅವರ ಪ್ರಕಾರ ಗಟ್ಟಿಯಾಗಿ ತಿಕ್ಕಿದರೆ ದೇಹ ಬಿಗಿಯಾಗುತ್ತದೆ, ಮೃದುವಾಗಿ ತಿಕ್ಕಿದರೆ ಸಡಿಲವಾಗುತ್ತದೆ. ವ್ಯಾಯಾಮಕ್ಕೆ ಮೊದಲು ಮೈಯನ್ನು ಸಿದ್ಧಪಡಿಸುವ ಮಾಲೀಶು, ವ್ಯಾಯಾಮದ ನಂತರ ದಣಿವಾರಿಸುವ ಮಾಲೀಶು ಎಂದೂ ಬೇರೆಬೇರೆ ಹೇಳಿದ್ದಾರೆ. ಗಮನಿಸಿ, ಅವರು ಮಾಲೀಶನ್ನು ವ್ಯಾಯಾಮದ ಜೊತೆಗಿಟ್ಟೇ ನೋಡಿದರು. ಆ ಜೊತೆ ನಮ್ಮಲ್ಲಿ ತಪ್ಪಿಹೋಗಿದೆ. ಬೆಂಗಳೂರಿನಲ್ಲಿ ಮಾಗಡಿ ರಸ್ತೆಯ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಲ್ಲಿ ಈ ಚಿಕಿತ್ಸೆಯನ್ನು ಇಂದಿಗೂ ಕಲಿಸುತ್ತಾರೆ, ರೋಗಿಗಳಿಗೆ ಕೊಡುತ್ತಾರೆ.

ಆಧುನಿಕ ವೈದ್ಯಕೀಯವೂ ಕೈಚಿಕಿತ್ಸೆಯನ್ನು ತಳ್ಳಿಹಾಕಿಲ್ಲ. ದೀರ್ಘಕಾಲದ ಸೊಂಟನೋವಿಗೆ ಏನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ರೋಗಿಗೆ ತಿಳಿವಳಿಕೆ ನೀಡುವುದು ಮುಂತಾದವುಗಳ ಜೊತೆಗೆ ಮಾಲೀಶು ಕೂಡ ಅದರಲ್ಲಿದೆ. ಸೊಂಟಕ್ಕೆ ಕಟ್ಟುವ ಬೆಲ್ಟ್, ಭಾರ ಕಟ್ಟಿ ಎಳೆಯುವ ಟ್ರಾಕ್ಷನ್ ಇವುಗಳನ್ನು ಎಲ್ಲರಿಗೂ ರೂಢಿಯಂತೆ ಕೊಡಬಾರದೆಂದೂ ಅದು ಹೇಳುತ್ತದೆ. ನಮ್ಮ ಮನೆಗಳ ಕಪಾಟಿನಲ್ಲಿ ಎಷ್ಟು ಬೆಲ್ಟ್‌ಗಳು ಬಿದ್ದಿವೆ ಎಂದು ಒಮ್ಮೆ ನೋಡಿ.

ಹಾಗಾದರೆ ಒತ್ತಿದಾಗ ಒಳಗೆ ಏನಾಗುತ್ತದೆ? ಸರಿದ ಮೂಳೆ ಕೂರುವುದಿಲ್ಲ, ಹಿಡಿದ ನರ ಬಿಡುವುದಿಲ್ಲ, ಗಂಟು ಪುಡಿಯಾಗುವುದಿಲ್ಲ. 'ಟಕ್' ಎಂಬ ಸದ್ದು ಕೀಲಿನ ದ್ರವದಲ್ಲಿ ಆಗುವ ಗಾಳಿಗುಳ್ಳೆಯದು, ಮೂಳೆ ಜಾಗಕ್ಕೆ ಬಂದ ಸದ್ದಲ್ಲ. ಹಿತವಾದ ಸ್ಪರ್ಶ ಮತ್ತು ನಿಧಾನವಾದ ಒತ್ತಡಕ್ಕೆ ನಮ್ಮ ನರಮಂಡಲ ಸ್ಪಂದಿಸುತ್ತದೆ. ಉಸಿರು ಆಳವಾಗುತ್ತದೆ, ಅಪಾಯವಿಲ್ಲವೆಂದು ಮಿದುಳಿಗೆ ತಿಳಿಯುತ್ತದೆ, ಸ್ನಾಯು ತನ್ನ ಬಿಗಿ ಬಿಡುತ್ತದೆ. ಈ ಸುಖ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ ಇರಬಹುದು. ಆ ಹೊತ್ತಿನಲ್ಲಿ ನೋಯುವ ಭಾಗವನ್ನು ಆಡಿಸಿ ಬಲಪಡಿಸಿದರೆ ಲಾಭ ಉಳಿಯುತ್ತದೆ. ಒತ್ತಿಸಿಕೊಂಡು ಮತ್ತೆ ಅದೇ ಭಂಗಿಯಲ್ಲಿ ಕುಳಿತರೆ ನೋವು ನಾಳೆ ಮರಳುತ್ತದೆ.

ತಿರುಚುವ ಕೈಗೆ ಕುತ್ತಿಗೆ ಕೊಡಬೇಡಿ

ಕ್ಷೌರದಂಗಡಿಯಲ್ಲಿ ತಲೆಗೆ ತಟ್ಟಿ, ಕೊನೆಗೆ ಗದ್ದ ಹಿಡಿದು ಕುತ್ತಿಗೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಟಕ್ಕೆಂದು ತಿರುಗಿಸುವುದು ಅನೇಕರಿಗೆ ಬಲು ಇಷ್ಟ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬ ಹೀಗೆ ಕುತ್ತಿಗೆ ತಿರುಗಿಸಿಕೊಂಡ ಮೇಲೆ ಪಾರ್ಶ್ವವಾಯುವಿಗೆ ತುತ್ತಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಮಿದುಳಿಗೆ ರಕ್ತ ಒಯ್ಯುವ ನಾಲ್ಕು ಮುಖ್ಯ ರಕ್ತನಾಳಗಳು ಕುತ್ತಿಗೆಯ ಮೂಲಕವೇ ಹೋಗುತ್ತವೆ. ಅವುಗಳಲ್ಲಿ ಎರಡು, ಕುತ್ತಿಗೆಯ ಮೂಳೆಗಳ ರಂಧ್ರಗಳೊಳಗಿಂದ ಸಾಗುತ್ತವೆ. ಒಮ್ಮೆಲೇ ತಿರುಚಿದಾಗ ರಕ್ತನಾಳದ ಒಳಪದರ ಹರಿದರೆ ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಏರಬಹುದು. ಇದು ಅಪರೂಪಕ್ಕೆ ಆಗುವಂಥದ್ದು, ನಿಜ. ಆದರೆ ಒಂದು ಸದ್ದಿನ ಸುಖಕ್ಕಾಗಿ ಈ ಅಪಾಯ ತೆಗೆದುಕೊಳ್ಳುವುದು ಯಾವ ಲೆಕ್ಕದಲ್ಲಿ ಜಾಣತನ?

ಮೊಬೈಲಿನಲ್ಲಿ ಮೂಳೆ ಲಟಲಟ ಅನಿಸುವ ವಿಡಿಯೋಗಳನ್ನು ನೋಡಿ ಮನೆಯ ಹುಡುಗರು ಒಬ್ಬರ ಬೆನ್ನ ಮೇಲೆ ಒಬ್ಬರು ಹತ್ತುವುದನ್ನೂ ನಿಲ್ಲಿಸಬೇಕು. ಬಿದ್ದು ಊದಿದ ಕೈಕಾಲನ್ನು ಎಕ್ಸ್‌ರೇ ತೆಗೆಸದೆ 'ಉಳುಕು' ಎಂದು ತಿಕ್ಕಿಸುವುದೂ ಅಷ್ಟೇ ತಪ್ಪು. ಒಳಗೆ ಮೂಳೆ ಮುರಿದಿದ್ದರೆ ತಿಕ್ಕಿದಷ್ಟೂ ಹಾನಿ.

"ನೋವಾದಷ್ಟೂ ಒಳ್ಳೆಯದು, ಸಹಿಸಿಕೋ" ಎನ್ನುವ ಕೈಯಿಂದ ದೂರವಿರಿ. ನೋವಾದಾಗ ಸ್ನಾಯು ಮತ್ತಷ್ಟು ಬಿಗಿಯುತ್ತದೆ. ಮಾರನೆಯ ದಿನ ಚರ್ಮ ಕಪ್ಪಗಾಗಿದ್ದರೆ ಅದು ಕೆಟ್ಟ ರಕ್ತ ಹೊರಬಂದ ಗುರುತಲ್ಲ, ಒಳಗೆ ಪೆಟ್ಟಾದ ಗುರುತು.

ಮನೆಯಲ್ಲೇ ಒತ್ತುವುದು ಹೇಗೆ?

ಸಾಮಾನ್ಯ ದಣಿವಿನ ನೋವಿಗೆ ಮನೆಯವರ ಕೈಯೇ ಸಾಕು. ಅದಕ್ಕೆ ಬಲ ಬೇಡ, ಹದಿನೈದು ನಿಮಿಷದ ತಾಳ್ಮೆ ಬೇಕು.

ಮೊದಲು ಕಾವು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಹೆಗಲ ಮೇಲೆ ಹತ್ತು ನಿಮಿಷ ಇಡಿ. ಶಾಖ ಹಿತವಾಗಿರಬೇಕು, ಸುಡಬಾರದು. ಸಕ್ಕರೆ ಕಾಯಿಲೆಯಿಂದ ಪಾದಗಳಲ್ಲಿ ಸ್ಪರ್ಶ ಕಡಿಮೆಯಾಗಿರುವವರ ಕಾಲಿಗೆ ಬಿಸಿನೀರಿನ ಚೀಲ ಇಡಲೇಬೇಡಿ. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಎರಡನೆಯದು ನೀವುವುದು. ಒತ್ತಿಸಿಕೊಳ್ಳುವವರು ಕುರ್ಚಿಯಲ್ಲಿ ಕುಳಿತು ಮುಂದಿನ ಮೇಜಿನ ಮೇಲೆ ದಿಂಬಿಟ್ಟು ಹಣೆ ಆನಿಸಲಿ. ಸ್ವಲ್ಪ ತೆಂಗಿನೆಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಅಂಗೈಗೆ ಹಚ್ಚಿಕೊಂಡು ಕುತ್ತಿಗೆಯ ಬುಡದಿಂದ ಹೆಗಲ ತುದಿಯವರೆಗೆ ಇಡೀ ಅಂಗೈಯಿಂದ ನಿಧಾನವಾಗಿ ನೀವಿ. ಎರಡು ಮೂರು ನಿಮಿಷ ಇಷ್ಟೇ. ಬಟ್ಟೆಯ ಮೇಲಿಂದ ಮಾಡಿದರೂ ಆದೀತು, ಎಣ್ಣೆ ಕಡ್ಡಾಯವಲ್ಲ.

ಮೂರನೆಯದು ನಾದುವುದು. ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ದಪ್ಪ ಸ್ನಾಯುವನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಹಿಡಿದು, ಚಪಾತಿ ಹಿಟ್ಟನ್ನು ನಾದುವ ಹಾಗೆ ಮೆತ್ತಗೆ ಹಿಡಿದುಬಿಡಿ. ಚಿವುಟಬೇಡಿ.

ನಾಲ್ಕನೆಯದು ತಡೆದು ಒತ್ತುವುದು. ಗಂಟಿನಂತೆ ಸಿಕ್ಕ ಜಾಗದಲ್ಲಿ ಹೆಬ್ಬೆರಳಿಟ್ಟು ನಿಧಾನವಾಗಿ ಒತ್ತಡ ಕೊಡಿ. ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಕೇಳಿ. ನಾಲ್ಕು ಅಂದರೆ ಅಲ್ಲೇ ನಿಲ್ಲಿಸಿ, ಮುಂದೆ ಹೋಗಬೇಡಿ. ಅರ್ಧ ನಿಮಿಷದಿಂದ ಒಂದು ನಿಮಿಷ ಹಾಗೇ ಹಿಡಿದಿರಿ. ಅವರು ಉದ್ದವಾಗಿ ಉಸಿರು ಬಿಡುತ್ತಿರಲಿ. ಬೆರಳ ಕೆಳಗೆ ಸ್ನಾಯು ಮೆತ್ತಗಾಗುವುದು ನಿಮಗೇ ತಿಳಿಯುತ್ತದೆ. ಬೀಡಿ ಕಟ್ಟುವವರಿಗೂ ಹೊಲಿಯುವವರಿಗೂ ಮೊಣಕೈ ಕೆಳಗಿನ ತೋಳು ಮತ್ತು ಹೆಬ್ಬೆರಳ ಬುಡದಲ್ಲೂ ಹೀಗೇ ಮಾಡಬಹುದು.

ಕುತ್ತಿಗೆಯ ಮುಂಭಾಗ, ಗಂಟಲಿನ ಎರಡು ಬದಿ, ಕಂಕುಳು, ಮೊಣಕಾಲಿನ ಹಿಂದಿನ ಗುಳಿ, ಬೆನ್ನುಮೂಳೆಯ ಏಣು, ಊದಿಕೊಂಡ ನೀಲಿ ನರಗಳು, ಇವುಗಳ ಮೇಲೆ ಒತ್ತಬೇಡಿ. ಹೆರಿಗೆಗೆ ಸಿಸೇರಿಯನ್ ಆದ ಬಾಣಂತಿಯ ಹೊಟ್ಟೆಯನ್ನು ವೈದ್ಯರ ಒಪ್ಪಿಗೆಯಿಲ್ಲದೆ ತಿಕ್ಕಿಸಬೇಡಿ.

ಒತ್ತುವವರು ಇಲ್ಲದಿದ್ದರೆ ಚೆಂಡಿದೆ. ಟೆನ್ನಿಸ್ ಚೆಂಡನ್ನು ಬೆನ್ನಿಗೂ ಗೋಡೆಗೂ ನಡುವೆ ಇಟ್ಟು, ಬೆನ್ನುಮೂಳೆಯ ಪಕ್ಕದ ಬಿಗಿದ ಜಾಗಕ್ಕೆ ತಂದು ಮೆಲ್ಲಗೆ ಒರಗಿ. ಪಾದದಡಿ ನೋವಿದ್ದರೆ ಅದೇ ಚೆಂಡನ್ನು ಕಾಲಡಿಯಲ್ಲಿ ಉರುಳಿಸಿ.

ಕೊನೆಯದು ಚಲನೆ. ಇದನ್ನು ಬಿಟ್ಟರೆ ಮೇಲಿನದೆಲ್ಲ ಅರ್ಧ ಕೆಲಸ. ಹೆಗಲನ್ನು ಕಿವಿಯ ಕಡೆಗೆ ಎತ್ತಿ ಹಿಂದಕ್ಕೆ ಹತ್ತು ಸಲ ಸುತ್ತಿಸಿ. ಬೆನ್ನಿನ ಎರಡು ರೆಕ್ಕೆಮೂಳೆಗಳನ್ನು ಹತ್ತಿರ ತಂದು ಐದು ಎಣಿಸಿ ಬಿಡಿ. ಗದ್ದವನ್ನು ತಗ್ಗಿಸದೆ ನೇರ ಹಿಂದಕ್ಕೆ ಎಳೆದು ಐದು ಎಣಿಸಿ ಬಿಡಿ. ಕೆಲಸದ ನಡುವೆ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಗೋಡೆಗೆ ಒರಗಿ ಕುಳಿತು, ಮಡಿಲಲ್ಲಿ ದಿಂಬಿಟ್ಟು ಅದರ ಮೇಲೆ ಮೊರ ಇಟ್ಟರೆ ತಲೆ ಅಷ್ಟು ತಗ್ಗುವುದಿಲ್ಲ.

ನಮಾಝ್‌ನಲ್ಲಿ ಬಗ್ಗಿ ಏಳುತ್ತೇವಲ್ಲ, ಬೇರೆ ವ್ಯಾಯಾಮ ಯಾಕೆ ಎಂದು ಕೇಳುವವರಿದ್ದಾರೆ. ಆರಾಧನೆಯನ್ನು ಆರಾಧನೆಯಾಗಿಯೇ ಮಾಡೋಣ. ಹೆಗಲು, ಬೆನ್ನಿನ ಸ್ನಾಯುಗಳಿಗೆ ಬೇಕಾದ ಬಲ ಅದರಿಂದಷ್ಟೇ ಬರುವುದಿಲ್ಲ. ಆ ಬಲ ಬಂದರೆ ಸುಜೂದ್‌ನಿಂದ ಸೊಂಟ ಹಿಡಿದುಕೊಂಡು ಏಳುವ ಕಷ್ಟ ತಪ್ಪೀತು.

ಒತ್ತಬಾರದ ನೋವುಗಳು

ಎಲ್ಲ ನೋವೂ ಸ್ನಾಯುವಿನದ್ದಲ್ಲ. ಎಡಹೆಗಲು, ಗದ್ದ, ಎದೆಯಲ್ಲಿ ನೋವು ಬಂದು ಬೆವರು, ಉಬ್ಬಸ, ವಾಕರಿಕೆ ಇದ್ದರೆ ಎಣ್ಣೆ ಹುಡುಕಬೇಡಿ, ಆಸ್ಪತ್ರೆಗೆ ಓಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಮತ್ತು ಹೆಂಗಸರಲ್ಲಿ ಹೃದಯಾಘಾತ ಕೆಲವೊಮ್ಮೆ ಎದೆನೋವಿಲ್ಲದೆಯೇ, ಬೆನ್ನು ಅಥವಾ ಹೆಗಲ ನೋವಾಗಿ ಬರುತ್ತದೆ.

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಕುತ್ತು ಬರಬಹುದು. ಪ್ಲಾಸ್ಟರ್ ಬಿಚ್ಚಿದ ಕಾಲಿನ ವಿಷಯದಲ್ಲಿ, ಹೆರಿಗೆ ಮತ್ತು ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಇದನ್ನು ವಿಶೇಷವಾಗಿ ನೆನಪಿಡಿ.

ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು, ಕೈಕಾಲು ಸೋಲುವುದು, ತೊಡೆಸಂಧಿಯ ಸುತ್ತ ಮರಗಟ್ಟುವುದು, ಮಲಮೂತ್ರದ ಹತೋಟಿ ತಪ್ಪುವುದು, ಇವುಗಳಲ್ಲಿ ಯಾವುದಿದ್ದರೂ ಮಾಲೀಶು ಬೇಡ, ವೈದ್ಯರು ಬೇಕು. ಮೈಕೈ ಎಲ್ಲ ಸದಾ ನೋಯುವ ಹೆಂಗಸರು ವಿಟಮಿನ್ ಡಿ, ಥೈರಾಯ್ಡ್, ರಕ್ತಹೀನತೆಯ ಪರೀಕ್ಷೆ ಮಾಡಿಸಿಕೊಳ್ಳಲಿ. ಬಿಸಿಲು ಕಾಣದೆ ಮನೆಯೊಳಗೇ ದಿನ ಕಳೆಯುವವರಲ್ಲಿ ವಿಟಮಿನ್ ಡಿ ಕೊರತೆ ಸಾಮಾನ್ಯ, ಅದನ್ನು ಯಾವ ಕೈಯೂ ಒತ್ತಿ ಓಡಿಸಲಾರದು. ಇನ್ನು ನೋವಿನ ಮಾತ್ರೆಗಳನ್ನು ವೈದ್ಯರಿಗೆ ಕೇಳದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿ. ಬಿಪಿ, ಸಕ್ಕರೆ ಇರುವವರಿಗೆ ಇನ್ನೂ ಹೆಚ್ಚು.

ಸಂಕೋಚವೇ ಅಡ್ಡಿಯಾಗಬಾರದು

ಎರಡು ಮೂರು ವಾರಗಳಲ್ಲಿ ಇಳಿಯದ ನೋವಿಗೆ ಫಿಸಿಯೋಥೆರಪಿಸ್ಟ್‌ರನ್ನು ಕಾಣಬೇಕು. ಇಲ್ಲಿ ನಮ್ಮ ಹೆಂಗಸರು ಹಿಂದೆಗೆಯುತ್ತಾರೆ. ಪರಪುರುಷರ ಕೈ ತಾಗುತ್ತದೆ, ಬಟ್ಟೆ ಸರಿಸಬೇಕಾಗುತ್ತದೆ ಎಂಬ ಸಂಕೋಚ. ಆ ಸಂಕೋಚಕ್ಕೆ ನಾನು ಗೌರವ ಕೊಡುತ್ತೇನೆ. ಆದರೆ ಅದಕ್ಕೆ ದಾರಿಯಿದೆ. ಬಿ.ಪಿ.ಟಿ. ಓದಿದ ಮಹಿಳಾ ಫಿಸಿಯೋಥೆರಪಿಸ್ಟ್‌ಗಳು ಇಂದು ಬಹಳಷ್ಟು ಆಸ್ಪತ್ರೆಗಳಲ್ಲಿದ್ದಾರೆ. ಮಹಿಳೆಯೇ ಬೇಕು ಎಂದು ಫೋನಿನಲ್ಲೇ ಕೇಳಿ ಸಮಯ ಗೊತ್ತುಮಾಡಿಕೊಳ್ಳಬಹುದು. ಪರದೆಯ ಮರೆ ಕೇಳಬಹುದು, ಮಗಳನ್ನೋ ತಂಗಿಯನ್ನೋ ಜೊತೆಗೆ ಕೂರಿಸಿಕೊಳ್ಳಬಹುದು. ಚಿಕಿತ್ಸೆ ಬೇಕಾದ ಭಾಗವಷ್ಟೇ ತೆರೆದರೆ ಸಾಕು. ಏನು ಮಾಡುತ್ತೀರಿ, ಯಾಕೆ ಮಾಡುತ್ತೀರಿ ಎಂದು ಕೇಳುವುದು, ಬೇಡವೆನಿಸಿದರೆ ನಿಲ್ಲಿಸಿ ಎನ್ನುವುದು ರೋಗಿಯ ಹಕ್ಕು.

ವಿಚಿತ್ರವೆಂದರೆ, ಕಲಿತ ಫಿಸಿಯೋಥೆರಪಿಸ್ಟ್ ಬಳಿ ಹೋಗಲು ಹೆಂಡತಿಗೆ ಅನುಮತಿ ಕೊಡದ ಗಂಡನೇ, ಯಾವ ಓದೂ ಇಲ್ಲದ 'ನರ ಬಿಡಿಸುವವರ' ಮನೆಗೆ ಅವಳನ್ನು ಕರೆದೊಯ್ಯುವುದುಂಟು. ನಮಗೆ ನಿಜವಾಗಿ ಮಹಿಳಾ ಚಿಕಿತ್ಸಕರು ಬೇಕಿದ್ದರೆ ನಮ್ಮ ಹೆಣ್ಣುಮಕ್ಕಳನ್ನು ಆ ಓದಿಗೆ ಕಳಿಸೋಣ. ಮಂಗಳೂರಿನ ಸುತ್ತಮುತ್ತಲೇ ಹಲವು ಫಿಸಿಯೋಥೆರಪಿ ಕಾಲೇಜುಗಳಿವೆ. ಜಮಾಅತ್ತುಗಳು ರಕ್ತದಾನ ಶಿಬಿರ, ಕಣ್ಣಿನ ಶಿಬಿರ ನಡೆಸುವಂತೆ, ವರ್ಷಕ್ಕೊಮ್ಮೆ ಮಹಿಳಾ ಫಿಸಿಯೋಥೆರಪಿಸ್ಟ್‌ರನ್ನು ಕರೆಸಿ ಹೆಂಗಸರಿಗೆ ಅರ್ಧ ದಿನದ ತರಬೇತಿ ಕೊಡಿಸಲಿ. ಹೆಚ್ಚು ಖರ್ಚಿನ ಕೆಲಸ ಇದಲ್ಲ.

ಅವರ ಸರದಿ ಯಾವಾಗ?

ಉಮ್ಮ ಎನ್ನಿ, ಅಮ್ಮಿ ಎನ್ನಿ, ನಮ್ಮ ಮನೆಗಳಲ್ಲಿ ಒತ್ತುವ ಕೈ ಅವರದ್ದೇ. ಮಕ್ಕಳ ಕಾಲು, ಗಂಡನ ತಲೆ, ಅತ್ತೆಯ ಮೊಣಕಾಲು, ಮಗಳ ಬಾಣಂತನ. ಅವರಿಗೇ ನೋವಾದಾಗ ಬಾಮ್ ಹಚ್ಚಿಕೊಂಡು ಗೋಡೆಗೆ ಬೆನ್ನು ತಿಕ್ಕಿಕೊಳ್ಳುತ್ತಾರೆ. ಕೇಳಿದರೆ "ಏನಿಲ್ಲ, ಮಲಗಿದರೆ ಹೋಗುತ್ತದೆ" ಎನ್ನುತ್ತಾರೆ. ಆ ಮಾತನ್ನು ನಂಬಿಬಿಡುವುದು ನಮಗೂ ಅನುಕೂಲ. ವರ್ಷಗಟ್ಟಲೆ ಹಾಗೆ ನಂಬಿದ ಮನೆಗಳಲ್ಲಿ, ಒಂದು ದಿನ ತಾಯಿಯ ತೋಳು ಕಪಾಟಿನ ಮೇಲಿನ ಡಬ್ಬಿಗೆ ಎಟುಕದಂತಾದಾಗಲೇ ಎಲ್ಲರಿಗೂ ಗೊತ್ತಾಗುವುದು.

ದೇಹ ಅಲ್ಲಾಹನ ಅಮಾನತ್ತು ಎಂದು ನಾವು ಹೇಳುತ್ತೇವೆ. ತಾಯಿಯ ದೇಹವೂ ಆ ಮಾತಿಗೆ ಸೇರಿದ್ದೇ. ಆದ್ದರಿಂದ ಗಂಡಸರಿಗೆ, ಮಕ್ಕಳಿಗೆ ನನ್ನ ವಿನಂತಿ ಇಷ್ಟೇ. ವಾರದಲ್ಲಿ ಎರಡು ದಿನ, ಇಶಾ ನಮಾಝ್ ಮುಗಿದ ಮೇಲೆ, ಹದಿನೈದು ನಿಮಿಷ ಮೊಬೈಲ್ ಬದಿಗಿಡಿ. ನೀರು ಬಿಸಿಮಾಡಿ ಟವೆಲ್ ಹಿಂಡಿ ತನ್ನಿ. ಒತ್ತುವ ಮೊದಲು ಎಲ್ಲಿ ನೋಯುತ್ತಿದೆ, ಎಂದಿನಿಂದ ನೋಯುತ್ತಿದೆ ಎಂದು ಕೇಳಿ. ಅವರು ಬೇಡ ಅನ್ನುತ್ತಾರೆ. ಆದರೂ ಕುರ್ಚಿ ಎಳೆದು ಕೂರಿಸಿ.